ಗಾಯದ ಗುರುತು ಉಳಿಸಿಕೊಂಡ ಕರ್ತನು

(ರಟ್ಟೀಹಳ್ಳಿ ಸಭೆಯ ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶ. ಓದುವವರ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಿ ಬರೆಯಲಾಗಿದೆ.)

ವಾಕ್ಯಭಾಗ: ಯೋಹಾನ 20:24-29, 1 ಕೊರಿಂಥ 15:3-20

 

ಹೋದ ಭಾನುವಾರ ನಾವು ಕರ್ತನ ಪುನರುತ್ಥಾನವನ್ನು ಆಚರಿಸಿದೆವು. ಇವತ್ತಿಗೆ ಎಂಟು ದಿನ. ಯೋಹಾನನ ಸುವಾರ್ತೆ ಓದಿದವರಿಗೆ ಗೊತ್ತು, ತೋಮನಿಗೆ ಕರ್ತನು ಕಾಣಿಸಿಕೊಂಡದ್ದೂ ಎಂಟು ದಿನ ಕಳೆದ ಮೇಲೆಯೇ. ಉಳಿದ ಶಿಷ್ಯರೆಲ್ಲ ಹಾಡುತ್ತಾ ಸಂತೋಷಪಡುತ್ತಾ ಇದ್ದ ಆ ಒಂದು ವಾರ ತೋಮನು ಒಬ್ಬನೇ ಸಂಶಯದಲ್ಲಿ ಇದ್ದ. ಅವನನ್ನು ಯಾರೂ ಹೊರಗೆ ಹಾಕಲಿಲ್ಲ. ಅವನು ಅವರ ಸಂಗಡಲೇ ಇದ್ದ, ಅವರೂ ಅವನನ್ನು ಇರಗೊಟ್ಟರು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ.

ಹೋದ ವಾರ ನಮ್ಮ ಆರಾಧನೆ ಮುಗಿದು, ಪ್ರಸಾದದಂತೆ ಎಲ್ಲರಿಗೂ ಉಪ್ಪಿಟ್ಟು ಹಂಚಿ, ನಾನು ಬೈಕಿನ ಕಡೆ ಹೊರಟಾಗ ಒಬ್ಬ ಹುಡುಗ ಬಂದು ನಿಂತ. ನಮ್ಮ ಸಭೆಯ ಒಬ್ಬ ತಾಯಿಯ ಮಗ. ಹಿರೇಕೆರೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಡಿಗ್ರಿ ಓದುತ್ತಾನೆ, ಇತಿಹಾಸ ಅವನ ವಿಷಯ. ಸಣ್ಣವನಿದ್ದಾಗ ಸಂಡೇ ಸ್ಕೂಲಿನಲ್ಲಿ ವಾಕ್ಯ ಕಂಠಪಾಠದಲ್ಲಿ ಅವನೇ ಮೊದಲು. ಈಗ ಎರಡು ವರ್ಷದಿಂದ ತಾಯಿಯನ್ನು ಬಾಗಿಲ ತನಕ ಬಿಟ್ಟು ಹೊರಗೇ ಕೂಡುತ್ತಾನೆ.

"ಪಾಸ್ಟರ್‌ರೇ, ಒಂದು ಕೇಳ್ಲೇನ್ರಿ? ಸಿಟ್ಟಾಗಬಾರದು," ಅಂದ.

"ಕೇಳಪಾ ತಮ್ಮಾ."

"ಅಬಲೂರಾಗ ಏಕಾಂತದ ರಾಮಯ್ಯ ತಲಿ ಕೊಯ್ಕೊಂಡು ಏಳು ದಿನಕ್ಕ ಮತ್ತ ಪಡಕೊಂಡ ಅಂತ ಕಲ್ಲಿನ ಮ್ಯಾಲೆ ಬರದೈತಿ. ನೀವು ಯೇಸು ಸ್ವಾಮಿ ಮೂರು ದಿನಕ್ಕ ಎದ್ದ ಅಂತೀರಿ. ನಿಮ್ಮದು ಖರೇ, ಅದು ಕಥಿ ಅಂತ ಹೆಂಗ ಹೇಳ್ತೀರಿ?"

ಪ್ರಿಯರೇ, ನಾನು ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದವನು. ಅಲ್ಲಿ ನಮಗೆ ಯುರೋಪಿನ ನಾಸ್ತಿಕರಿಗೆ ಏನು ಉತ್ತರ ಕೊಡಬೇಕು ಅಂತ ಕಲಿಸಿದ್ದರು. ಇಪ್ಪತ್ತೋ ಮೂವತ್ತೋ ನಿಮಿಷದ ದಾರಿಯಲ್ಲಿರುವ ಅಬಲೂರಿಗೆ ಏನು ಉತ್ತರ ಅಂತ ಯಾರೂ ಕಲಿಸಲಿಲ್ಲ. ನಾನು ಆ ಹುಡುಗನಿಗೆ, "ಒಂದು ವಾರ ಟೈಮ್ ಕೊಡು, ನೋಡಿ ಹೇಳ್ತೀನಿ" ಅಂದೆ. ಅವನು ನಕ್ಕು ಹೋದ. ಇವತ್ತಿನ ಸಂದೇಶ ಅವನಿಗೆ ಕೊಟ್ಟ ಮಾತು.

ಮೊದಲು ಆ ಶಾಸನದ ವಿಷಯ ನ್ಯಾಯವಾಗಿ ಹೇಳುತ್ತೇನೆ. 12ನೇ ಶತಮಾನದಲ್ಲಿ, ಕಳಚೂರಿ ಬಿಜ್ಜಳನ ಕಾಲದಲ್ಲಿ, ಆಳಂದೆಯಲ್ಲಿ ಹುಟ್ಟಿದ ರಾಮಯ್ಯ ಎಂಬ ಶಿವಭಕ್ತ ಹುಲಿಗೆರೆಗೆ, ಅಂದರೆ ಈಗಿನ ಲಕ್ಷ್ಮೇಶ್ವರಕ್ಕೆ ಬಂದು, ಅಲ್ಲಿಂದ ಅಬಲೂರಿಗೆ ಬಂದ. ಅಲ್ಲಿ ಜೈನರಿಗೂ ಅವನಿಗೂ ವಾದವಾಯಿತು. ಶಿವನಿಗೆ ನನ್ನ ತಲೆ ಕೊಯ್ದು ಅರ್ಪಿಸಿ ತಿರುಗಿ ಪಡೆಯುತ್ತೇನೆ, ಪಡೆದರೆ ನೀವು ಸೋತಂತೆ ಎಂದು ಪಂಥ ಹಾಕಿ ಓಲೆಯ ಮೇಲೆ ಬರೆಸಿಕೊಂಡ. ತಲೆ ಕೊಯ್ದುಕೊಂಡ, ಏಳು ದಿನದ ಮೇಲೆ ಗಾಯದ ಕಲೆಯೂ ಇಲ್ಲದೆ ತಲೆ ಕೂಡಿಕೊಂಡಿತು ಎಂದು ಶಾಸನ ಹೇಳುತ್ತದೆ. ಜಗಳ ಬಿಜ್ಜಳನ ತನಕ ಹೋಯಿತು, ರಾಜನು ರಾಮಯ್ಯನಿಗೆ ಜಯಪತ್ರ ಕೊಟ್ಟ. ಫ್ಲೀಟ್ ಎಂಬ ಇಂಗ್ಲಿಷ್ ವಿದ್ವಾಂಸರು ಈ ಶಾಸನವನ್ನು ಓದಿ ಅಚ್ಚು ಹಾಕಿಸಿದ್ದಾರೆ. ಅದರ ಕಾಲ ಕ್ರಿ.ಶ. 1200ರ ಸುಮಾರು. ಅಂದರೆ ಘಟನೆಗೂ ಬರಹಕ್ಕೂ ನಡುವೆ ಮೂವತ್ತು ನಲವತ್ತು ವರ್ಷ, ಅಷ್ಟೇ.

ಬುಧವಾರ ನಾನು ಬೈಕ್ ತೆಗೆದುಕೊಂಡು ಅಬಲೂರಿಗೆ ಹೋಗಿ ಬಂದೆ. ಕೆಲವರಿಗೆ, ಪಾಸ್ಟರ್ ಗುಡಿಗೆ ಯಾಕೆ ಹೋದರು ಅನ್ನಿಸಬಹುದು. ಪೌಲನು ಅಥೇನೆ ಪಟ್ಟಣದಲ್ಲಿ ತಿರುಗಾಡಿ ಅವರ ಪೂಜಾಸ್ಥಾನಗಳನ್ನು ಕಣ್ಣಾರೆ ನೋಡಿದ ಮೇಲೆಯೇ ಬಾಯಿ ತೆರೆದ, ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯ ಓದಿರಿ. ನೋಡದೆ ಮಾತಾಡುವುದು ವಿಶ್ವಾಸ ಅಲ್ಲ, ಅದು ಸೋಮಾರಿತನ.

ಈಗ, ಆ ಹುಡುಗನಿಗೆ ನಾನು ಕೊಡಬಹುದಾಗಿದ್ದ ಸುಲಭ ಉತ್ತರ ಎರಡು ಇದ್ದವು. ಒಂದು, ಅದೆಲ್ಲಾ ಸುಳ್ಳು ಕಥೆ ಅನ್ನುವುದು. ಇನ್ನೊಂದು, ಅದು ಸೈತಾನನ ಕೆಲಸ ಅನ್ನುವುದು. ನಮ್ಮ ಕೂಟಗಳಲ್ಲಿ ಇಂಥ ಮಾತಿಗೆ ಜೋರಾಗಿ ಹಲ್ಲೆಲೂಯಾ ಬರುತ್ತದೆ. ಆದರೆ ನಾನು ಅಲ್ಲಿ ಇರಲಿಲ್ಲ. ಯಾವ ಆಧಾರದ ಮೇಲೆ ಹೇಳಲಿ? ನಾನು ಪುರಾವೆ ನೋಡದೆ ಅವರದನ್ನು ಸುಳ್ಳು ಅಂದರೆ, ಅವರು ಪುರಾವೆ ನೋಡದೆ ನನ್ನದನ್ನು ಸುಳ್ಳು ಅನ್ನುವುದನ್ನು ನಾನು ಒಪ್ಪಿಕೊಳ್ಳಬೇಕಾಗುತ್ತದೆ.

ನಮ್ಮಲ್ಲಿ ಬಹಳ ಜನ ಗೋವಿನಜೋಳ ಬೆಳೆಯುವವರು. ಮಾಲು ತೂಗುವಾಗ ಕೊಳ್ಳುವುದಕ್ಕೊಂದು ಕಾಟಾ, ಮಾರುವುದಕ್ಕೊಂದು ಕಾಟಾ ಇಟ್ಟುಕೊಂಡ ವ್ಯಾಪಾರಿಯನ್ನು ನೀವು ಏನು ಅನ್ನುತ್ತೀರಿ? ಹೊಲಸು ಮಾತಿನಿಂದ ಬೈಯುತ್ತೀರಿ. ಜ್ಞಾನೋಕ್ತಿ 20:10ರಲ್ಲಿ ಎರಡು ತರದ ತೂಕವನ್ನೂ ಎರಡು ತರದ ಅಳತೆಯನ್ನೂ ಕರ್ತನು ಅಸಹ್ಯಪಡುತ್ತಾನೆ ಎಂದು ಬರೆದಿದೆ. ಅದು ಜೋಳಕ್ಕೆ ಮಾತ್ರ ಅಂದುಕೊಳ್ಳಬೇಡಿರಿ. ನಮ್ಮ ನಂಬಿಕೆ ತೂಗುವಾಗಲೂ ಪಕ್ಕದ ಮನೆಯವರ ನಂಬಿಕೆ ತೂಗುವಾಗಲೂ ಕಾಟಾ ಒಂದೇ ಇರಬೇಕು. ಆಮೆನ್ ಅನ್ನಿರಿ.

ಊರಿನಲ್ಲಿ ಇನ್ನೊಂದು ಉತ್ತರವೂ ಸಿಗುತ್ತದೆ. ಚಹಾದ ಅಂಗಡಿಯಲ್ಲಿ ಕುಳಿತ ಹಿರಿಯರು ಪ್ರೀತಿಯಿಂದ ಹೇಳುತ್ತಾರೆ: "ಯಾಕ್ರಿ ಜಗಳ? ದೇವನೊಬ್ಬ ನಾಮ ಹಲವು. ಅದೂ ಖರೇ, ಇದೂ ಖರೇ." ಅವರ ಮನಸ್ಸು ಒಳ್ಳೆಯದು. ಊರಲ್ಲಿ ಶಾಂತಿ ಇರಲಿ ಅನ್ನುವುದು ಅವರ ಆಸೆ, ನಮ್ಮದೂ ಅದೇ. ಆದರೆ ಆ ಮಾತನ್ನು ಒಪ್ಪದ ಮೊದಲ ಮನುಷ್ಯ ಯಾರು ಗೊತ್ತೇ? ಏಕಾಂತದ ರಾಮಯ್ಯನೇ. ಎಲ್ಲಾ ಒಂದೇ ಅಂದಿದ್ದರೆ ಅವನು ತಲೆಯನ್ನು ಪಣಕ್ಕೆ ಇಡುತ್ತಿರಲಿಲ್ಲ. ಪೌಲನೂ ಹಾಗೆಯೇ. ಕ್ರಿಸ್ತನು ಎದ್ದು ಬರದಿದ್ದರೆ ನಾವು ಸಾರುವುದೂ ವ್ಯರ್ಥ, ನೀವು ನಂಬುವುದೂ ವ್ಯರ್ಥ ಎಂಬ ಅರ್ಥದಲ್ಲಿ ಕೊರಿಂಥದವರಿಗೆ ಬರೆದ. 15ನೇ ಅಧ್ಯಾಯ 14ನೇ ವಚನ. ಎಲ್ಲವೂ ಒಂದೇ ಅಂದರೆ ಇಬ್ಬರಿಗೂ ಗೌರವ ಕೊಟ್ಟ ಹಾಗೆ ಕಾಣುತ್ತದೆ, ಆದರೆ ಇಬ್ಬರ ಮಾತನ್ನೂ ಕೇಳಿಸಿಕೊಂಡಂತೆ ಆಗುವುದಿಲ್ಲ.

ಹಾಗಾದರೆ ಒಂದೇ ಕಾಟಾದಲ್ಲಿ ಇಟ್ಟು ನೋಡೋಣ.

ಇತಿಹಾಸ ಓದುವವರು ಮೂರು ಪ್ರಶ್ನೆ ಕೇಳುತ್ತಾರೆ. ಯಾವಾಗ ಬರೆದರು? ಯಾರು ಬರೆದರು? ಬರೆದದ್ದರಿಂದ ಅವರಿಗೆ ಏನು ಸಿಕ್ಕಿತು?

ಯಾವಾಗ ಅಂದರೆ, ಕರ್ತನು ಶಿಲುಬೆಗೆ ಹೋದದ್ದು ಕ್ರಿ.ಶ. 30 ಅಥವಾ 33ರ ಸುಮಾರು. ಪೌಲನು ಕೊರಿಂಥದವರಿಗೆ ಈ ಪತ್ರ ಬರೆದದ್ದು 55ರ ಸುಮಾರು. ಇಪ್ಪತ್ತು ಇಪ್ಪತ್ತೈದು ವರ್ಷದ ಅಂತರ. ಅದರಲ್ಲೂ 3ನೇ ವಚನದಲ್ಲಿ, ನಾನೂ ಬೇರೆಯವರಿಂದ ಹೊಂದಿದ್ದನ್ನೇ ನಿಮಗೆ ಒಪ್ಪಿಸಿದೆ ಅನ್ನುತ್ತಾನೆ. ಅಂದರೆ ಸಾಕ್ಷಿ ಪತ್ರಕ್ಕಿಂತ ಹಳೆಯದು. ಕೇಫ, ಯಾಕೋಬ ಎಂದು ಹೆಸರು ಹೇಳಿ, ಐನೂರಕ್ಕಿಂತ ಹೆಚ್ಚು ಜನ ನೋಡಿದರು, ಅವರಲ್ಲಿ ಬಹಳ ಮಂದಿ ಇನ್ನೂ ಬದುಕಿದ್ದಾರೆ ಅನ್ನುತ್ತಾನೆ. ಬೇಕಾದರೆ ಹೋಗಿ ಕೇಳಿರಿ ಅಂದ ಹಾಗೆ. ಆದರೆ ಅಬಲೂರಿನ ಶಾಸನವೂ ಘಟನೆಗೆ ಹತ್ತಿರದ್ದೇ ಅಂತ ಆಗಲೇ ಹೇಳಿದೆ. ಆದ್ದರಿಂದ ನಮ್ಮದು ಹಳೆಯ ದಾಖಲೆ ಅಂತ ಎದೆ ತಟ್ಟಿಕೊಂಡರೆ ಸಾಲದು.

ಯಾರು ಬರೆದರು? ಇಲ್ಲಿ ನನಗೆ ವ್ಯತ್ಯಾಸ ಕಾಣುತ್ತದೆ. ಅಬಲೂರಿನ ಶಾಸನವನ್ನು ನಿಲ್ಲಿಸಿದ್ದು ವಾದದಲ್ಲಿ ಗೆದ್ದ ಪಕ್ಷ. ಸೋತ ಜೈನರ ಕಡೆಯಿಂದ, ನಾನು ನೋಡಿದೆ, ನಮ್ಮದು ತಪ್ಪಾಗಿತ್ತು ಎಂದು ಹೇಳುವ ಒಂದು ಸಾಲು ನಮಗೆ ಸಿಕ್ಕಿದ್ದರೆ ನಾನು ಇನ್ನೂ ಹೆಚ್ಚು ಯೋಚಿಸಬೇಕಾಗುತ್ತಿತ್ತು. ನಮ್ಮ ಸುವಾರ್ತೆಗಳನ್ನೂ ನಂಬಿದವರೇ ಬರೆದರಲ್ಲಾ ಅಂದರೆ, ಹೌದು, ನಿಜ. ಆದರೆ ಪೌಲನು ಎದುರು ಪಕ್ಷದವನು. ಸಭೆಯನ್ನು ಹಾಳು ಮಾಡಲು ಮನೆ ಮನೆ ಹೊಕ್ಕು ಗಂಡಸರನ್ನೂ ಹೆಂಗಸರನ್ನೂ ಸೆರೆಗೆ ಎಳೆಸಿದವನು. ಯಾಕೋಬನು ಕರ್ತನ ಸ್ವಂತ ತಮ್ಮ, ಯೇಸು ಬದುಕಿದ್ದಾಗ ತಮ್ಮಂದಿರು ನಂಬಲಿಲ್ಲ ಎಂದು ಯೋಹಾನ 7:5ರಲ್ಲಿ ಇದೆ. ಒಬ್ಬ ವೈರಿ, ಒಬ್ಬ ಮನೆಯವನು. ಮನೆಯವರನ್ನು ನಂಬಿಸುವುದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮತ್ತೊಂದು. ಬರಿದಾದ ಸಮಾಧಿಯನ್ನು ಮೊದಲು ನೋಡಿದವರು ಹೆಂಗಸರು, ಮಗ್ದಲದ ಮರಿಯಳು ಮೊದಲಾದವರು. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ. ಕಥೆ ಕಟ್ಟುವವರು ಊರ ಹಿರಿಯರನ್ನು ಸಾಕ್ಷಿ ನಿಲ್ಲಿಸುತ್ತಿದ್ದರು. ನಮ್ಮ ಪಂಚಾಯಿತಿಯಲ್ಲಿ ಇವತ್ತಿಗೂ ಹಂಗೇ ಅಲ್ಲೇನ್ರಿ?

ಏನು ಸಿಕ್ಕಿತು? ರಾಮಯ್ಯನಿಗೆ ಜಯಪತ್ರ ಸಿಕ್ಕಿತು. ಅಪೊಸ್ತಲರಿಗೆ ಪಿಲಾತನೂ ಕೊಡಲಿಲ್ಲ, ಮಹಾಯಾಜಕನೂ ಕೊಡಲಿಲ್ಲ. ಯಾಕೋಬನನ್ನು 62ರ ಸುಮಾರಿಗೆ ಕಲ್ಲೆಸೆದು ಕೊಂದರು ಎಂದು ಯೆಹೂದಿ ಇತಿಹಾಸಕಾರ ಯೋಸೇಫಸ್ ಬರೆದಿದ್ದಾನೆ. 112ರ ಸುಮಾರಿಗೆ ಪ್ಲೀನಿ ಎಂಬ ರೋಮನ್ ಅಧಿಪತಿ ಚಕ್ರವರ್ತಿ ತ್ರಾಜಾನನಿಗೆ ಪತ್ರ ಬರೆದು, ಈ ಜನ ಬೆಳಗಾಗುವ ಮೊದಲೇ ಕೂಡಿಬಂದು ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಹಟ ಬಿಡದವರನ್ನು ನಾನು ಮರಣಕ್ಕೆ ಒಪ್ಪಿಸಿದೆ ಎಂದು ತಿಳಿಸಿದ. ಅವನಿಗೆ ನಮ್ಮ ಮೇಲೆ ಪ್ರೀತಿ ಇರಲಿಲ್ಲ, ಆದ್ದರಿಂದಲೇ ಅವನ ಮಾತಿಗೆ ತೂಕ.

ಸಾಯಲು ಸಿದ್ಧರಿದ್ದರು ಅಂದ ಮಾತ್ರಕ್ಕೆ ಅವರು ನಂಬಿದ್ದು ಸತ್ಯ ಅಂತ ಆಗುವುದಿಲ್ಲ. ರಾಮಯ್ಯನೂ ಸಿದ್ಧನಿದ್ದ. ಆದರೆ ಅವರು ತಿಳಿದೂ ತಿಳಿದೂ ಸುಳ್ಳು ಕಟ್ಟಿದವರಲ್ಲ ಅನ್ನುವುದು ಖಂಡಿತ. ಈ ಲೆಕ್ಕ ಎರಡೂ ಎರಡೂ ನಾಲ್ಕು ಅನ್ನುವಂಥ ಲೆಕ್ಕ ಅಲ್ಲ. ಇದನ್ನೆಲ್ಲ ಕೇಳಿದ ಮೇಲೂ ಒಬ್ಬನು ನಂಬದೆ ಇರಬಹುದು, ಅವನು ದಡ್ಡನಲ್ಲ, ಕೆಟ್ಟವನೂ ಅಲ್ಲ. ಆದರೆ ನಂಬುವವನೂ ದಡ್ಡನಲ್ಲ. ಇಷ್ಟನ್ನು ನಾವು ತಲೆ ಎತ್ತಿ ಹೇಳಬಹುದು.

ಸತ್ತವರು ಏಳುವುದಿಲ್ಲ ಅಂತ ವಿಜ್ಞಾನ ಹೇಳುತ್ತದೆ ಎಂದು ಕೆಲವರು ಅನ್ನುತ್ತಾರೆ. ಪ್ರಿಯರೇ, ಅದು ತೋಮನಿಗೂ ಗೊತ್ತಿತ್ತು. ವಿಜ್ಞಾನ ಬರುವ ಮೊದಲು ಜನ ಎಲ್ಲವನ್ನೂ ನಂಬುತ್ತಿದ್ದರು ಅಂದುಕೊಳ್ಳಬೇಡಿರಿ. ಮರಿಯಳು ಗರ್ಭಿಣಿ ಅಂತ ತಿಳಿದಾಗ ಯೋಸೇಫನು ಅವಳನ್ನು ಗುಟ್ಟಾಗಿ ಬಿಟ್ಟುಬಿಡಬೇಕು ಅಂತ ಯೋಚಿಸಿದ. ಯಾಕೆ? ಮಕ್ಕಳು ಹೇಗೆ ಹುಟ್ಟುತ್ತಾರೆ ಅನ್ನುವುದು ಬಡಗಿಗೂ ಗೊತ್ತು. ದಿನಾ ಏನು ನಡೆಯುತ್ತದೆ ಅನ್ನುವುದನ್ನು ವಿಜ್ಞಾನ ಹೇಳುತ್ತದೆ. ಒಂದು ದಿನ, ಒಂದು ಸಮಾಧಿಯಲ್ಲಿ ಏನು ನಡೆಯಿತು ಅನ್ನುವುದಕ್ಕೆ ಸಾಕ್ಷಿಗಳನ್ನೇ ಕೇಳಬೇಕು.

ಪರೀಕ್ಷೆಗೆ ನಾವು ಹೆದರಬಾರದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ದೇಶವೆಲ್ಲಾ ಚರ್ಚೆಯಾಯಿತು. ದೊಡ್ಡ ವಿಚಾರವಾದಿ ಅಬ್ರಹಾಂ ಕೋವೂರ್ ಅವರಂತೂ ಕೇರಳದ ಒಬ್ಬ ಕ್ರೈಸ್ತ ಪಾದ್ರಿಯ ಮಗ. ಪಾದ್ರಿಯ ಮನೆಯಲ್ಲಿ ಬೆಳೆದವನು ಯಾಕೆ ಹಾಗಾದ ಅನ್ನುವ ಪ್ರಶ್ನೆ ನನ್ನ ಮನಸ್ಸಿನಲ್ಲಿ ಈ ವಾರವೆಲ್ಲಾ ತಿರುಗಿತು. ನಾವು ಇಂಥವರನ್ನು ವೈರಿಗಳು ಅಂತ ನೋಡುತ್ತೇವೆ. ಆದರೆ ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಬೇಕು ಎಂದು 1 ಥೆಸಲೊನೀಕ 5:21 ನಮಗೇ ಹೇಳುತ್ತದೆ.

ಇದನ್ನೆಲ್ಲಾ ಬರೆದುಕೊಂಡು ನಾನು ಗುರುವಾರ ಸಂಜೆ ಆ ಹುಡುಗನ ಮನೆಗೆ ಹೋದೆ. ತಾಯಿ ಚಹಾ ಇಟ್ಟರು. ನಾನು ಕಾಗದ ತೆಗೆದು ಒಂದೊಂದೇ ಹೇಳಿದೆ. ಅವನು ಎಲ್ಲಾ ಕೇಳಿದ. ಒಳ್ಳೆಯ ಪ್ರಶ್ನೆ ಕೇಳಿದ. ಕೊನೆಗೆ, "ಚೊಲೋ ಹೇಳಿದ್ರಿ," ಅಂದ. ಆದರೆ ಮುಖದಲ್ಲಿ ಏನೂ ಬದಲಾಗಲಿಲ್ಲ.

"ತಮ್ಮಾ, ನಿನ್ನ ಪ್ರಶ್ನಿ ಇದ ಹೌದೋ ಅಲ್ಲೋ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾಯಿಯ ಕಾಲಿನ ಕಡೆ ನೋಡಿ, "ಅವ್ವನ ಬೆರಳಿನ ಬಗ್ಗೆ ಪುಲ್ಪಿಟ್‌ನಾಗ ಯಾವಾಗ ಹೇಳ್ತೀರಿ?" ಅಂದ.

ಇದನ್ನು ಆ ತಾಯಿಯ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವರು ಇವತ್ತು ಇಲ್ಲೇ ಕುಳಿತಿದ್ದಾರೆ. ಹೆಸರು ಹೇಳುವುದಿಲ್ಲ, ನಿಮಗೆಲ್ಲಾ ಗೊತ್ತು.

ಎರಡು ವರ್ಷದ ಹಿಂದೆ ನಮ್ಮ ಮೂರು ದಿನದ ಉಪವಾಸ ಪ್ರಾರ್ಥನೆಯಲ್ಲಿ ಅವರಿಗೋಸ್ಕರ ಪ್ರಾರ್ಥಿಸಿದೆವು. ಅವರಿಗೆ ಸಕ್ಕರೆ ಕಾಯಿಲೆ. ಪ್ರಾರ್ಥನೆಯ ಮೇಲೆ ಮೈ ಹಗುರವಾಯಿತು ಅಂದರು. ನಾನು ಸಂತೋಷದಿಂದ ಮೈಕ್ ಕೈಗೆ ಕೊಟ್ಟೆ, ಕರ್ತನು ಶುಗರ್ ತೆಗೆದುಬಿಟ್ಟನು ಅಂತ ಸಾಕ್ಷಿ ಹೇಳಿದರು. ರಕ್ತ ಪರೀಕ್ಷೆ ಮಾಡಿಸಿದಿರಾ ಅಂತ ನಾನು ಕೇಳಲಿಲ್ಲ. ಆ ಸಾಕ್ಷಿಯನ್ನು ಮೊಬೈಲಿನಲ್ಲಿ ಹಿಡಿದು ಬೇರೆ ಊರಿನ ಗ್ರೂಪುಗಳಿಗೆ ಕಳಿಸಿದೆವು. ಮುಂದಿನ ತಿಂಗಳು ಅವರು ಗುಳಿಗೆ ಬಿಟ್ಟಿದ್ದಾರೆ ಅಂತ ನನಗೆ ಗೊತ್ತಾಯಿತು. ಗೊತ್ತಾದರೂ ನಾನು ಏನೂ ಅನ್ನಲಿಲ್ಲ. ಎಂಥ ವಿಶ್ವಾಸ ಅಂತ ಮನಸ್ಸಿನಲ್ಲಿ ಹೆಮ್ಮೆಪಟ್ಟೆ. ನಮ್ಮ ಸಭೆಯ ಹೆಸರು ಹೊರಗೆ ಬರುತ್ತದೆ ಅನ್ನುವ ಆಸೆಯೂ ಇತ್ತು, ದೇವರ ಮುಂದೆ ಯಾಕೆ ಮುಚ್ಚಿಡಲಿ.

ಶುಗರ್ ಹೆಚ್ಚಾಗಿ ಬಹಳ ದಿನ ಹಾಗೇ ಇದ್ದರೆ ಕಾಲಿಗೆ ಸ್ಪರ್ಶ ಕಡಿಮೆ ಆಗುತ್ತದೆ, ಗಾಯವಾದದ್ದೂ ತಿಳಿಯುವುದಿಲ್ಲ, ಮಾಯುವುದೂ ಇಲ್ಲ. ಹೊಲದಲ್ಲಿ ಗೋವಿನಜೋಳದ ಕೂಳೆ ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ವಾಸನೆ ಬಂದಾಗ ಮಗನೇ ನೋಡಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಬಲಗಾಲಿನ ಹೆಬ್ಬೆರಳು ತೆಗೆದರು. ನಾನು ಆಸ್ಪತ್ರೆಗೆ ಹೋಗಿ ಪ್ರಾರ್ಥನೆ ಮಾಡಿ ಬಂದೆ. ಸಭೆಯಲ್ಲಿ ಮಾತ್ರ, ನಮ್ಮ ಸಹೋದರಿಗೆ ಕಾಲಿಗೆ ಪೆಟ್ಟಾಗಿದೆ, ಪ್ರಾರ್ಥಿಸಿರಿ ಅಂದೆ. ಪೆಟ್ಟು ಅಂದೆ. ಅಷ್ಟೇ ಅಂದೆ. ಮೊದಲಿನ ಸಾಕ್ಷಿಯನ್ನು ಯಾರೂ ಅಳಿಸಲಿಲ್ಲ, ಅದು ಇನ್ನೂ ಎಷ್ಟೋ ಮೊಬೈಲುಗಳಲ್ಲಿ ಓಡಾಡುತ್ತಿದೆ.

ಗುರುವಾರ ಆ ತಾಯಿಯ ಮುಂದೆ, "ಅಕ್ಕಾ, ನಾನು ಗುಳಿಗಿ ಬಿಡ್ರಿ ಅಂತ ಹೇಳಿರಲಿಲ್ಲ" ಅಂತ ಬಾಯಿ ತೆರೆದೆ. ಅವರು ಸಿಟ್ಟಾಗದೆ, ಮೆಲ್ಲಗೆ ಹೇಳಿದರು: "ಹೌದ್ರಿ ಅಯ್ನೋರೇ, ನೀವು ಬಿಡು ಅಂದಿಲ್ಲ. ಆದ್ರ ತಗೋ ಅಂತನೂ ಅನ್ನಲಿಲ್ಲ."

ಪ್ರಿಯರೇ, ನನ್ನ ಕೈಯಲ್ಲಿ ಪ್ಲೀನಿಯ ಪತ್ರ ಇತ್ತು, ಯೋಸೇಫಸ್ ಇದ್ದ, ಅಬಲೂರಿನ ಶಾಸನಕ್ಕೆ ಉತ್ತರ ಇತ್ತು. ಈ ಮಾತಿಗೆ ಉತ್ತರ ಇರಲಿಲ್ಲ.

ಮನೆಗೆ ಬಂದು ರಾತ್ರಿ ಅದೇ 15ನೇ ಅಧ್ಯಾಯ ಮತ್ತೆ ತೆರೆದೆ. 14ನೇ ವಚನ ನಾನು ಎಷ್ಟೋ ಸಲ ಬೋಧಿಸಿದ್ದೇನೆ. 15ನೇ ವಚನವನ್ನು ಹಾರಿಸಿಕೊಂಡು ಹೋಗುತ್ತಿದ್ದೆ. ಅಲ್ಲಿ ಪೌಲನು, ಕ್ರಿಸ್ತನು ಎದ್ದಿಲ್ಲವಾದರೆ ನಾವು ದೇವರ ವಿಷಯದಲ್ಲಿ ಸುಳ್ಳುಸಾಕ್ಷಿಗಳಾದೆವು ಅನ್ನುತ್ತಾನೆ. ನೋಡಿರಿ, ಪೌಲನಿಗೆ ಹೊಡೆತದ ಭಯ ಇರಲಿಲ್ಲ, ಸೆರೆಮನೆಯ ಭಯ ಇರಲಿಲ್ಲ. ದೇವರು ಮಾಡದ್ದನ್ನು ಮಾಡಿದ ಅಂತ ಹೇಳಿಬಿಡುವ ಭಯ ಅವನಿಗೆ ಇತ್ತು. ನನಗೆ ಆ ಭಯ ಇರಲಿಲ್ಲ. ದೇವರ ಮಹಿಮೆಗೋಸ್ಕರ ಅಂತ ನಾನು ದೇವರ ವಿಷಯದಲ್ಲೇ ಸುಳ್ಳುಸಾಕ್ಷಿಯಾದೆ.

ಆ ಹುಡುಗನ ಲೆಕ್ಕ ಸರಳ. ಹೋದ ವರ್ಷ ನಮ್ಮ ಕಣ್ಣ ಮುಂದೆ ನಡೆದದ್ದರ ಬಗ್ಗೆಯೇ ಇವರು ಖರೇ ಹೇಳದಿದ್ದರೆ, ಎರಡು ಸಾವಿರ ವರ್ಷದ ಹಿಂದಿನದನ್ನು ಖರೇ ಅಂದರೆ ಹೇಗೆ ನಂಬುವುದು? ಅವನ ನಂಬಿಕೆಯನ್ನು ಕಾಲೇಜು ಕೆಡಿಸಲಿಲ್ಲ, ಮೊಬೈಲಿನ ನಾಸ್ತಿಕರೂ ಕೆಡಿಸಲಿಲ್ಲ. ನಾನು ಕೆಡಿಸಿದೆ.

2017ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಕಾಯ್ದೆ ಆಯಿತು, ಪೇಪರಿನವರು ಮೌಢ್ಯ ನಿಷೇಧ ಕಾಯ್ದೆ ಅನ್ನುತ್ತಾರೆ. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ತಂತ್ರ ಮಾಡುವುದು ಅದರಲ್ಲಿ ಅಪರಾಧ. ಅದು ಬಂದಾಗ, ಇದು ಮಾಟ ಮಾಡುವವರಿಗೆ, ನಮಗಲ್ಲ ಅಂತ ನಾವು ಅಂದುಕೊಂಡೆವು. ನಾನು ಯಾರನ್ನೂ ತಡೆದಿಲ್ಲ, ಆದ್ದರಿಂದ ಸರಕಾರ ನನ್ನನ್ನು ಹಿಡಿಯಲಿಕ್ಕಿಲ್ಲ. ಆದರೆ ತಡೆಯುವುದಕ್ಕೂ, ಬಿಟ್ಟದ್ದು ಗೊತ್ತಿದ್ದೂ ಹೆಮ್ಮೆಯಿಂದ ಸುಮ್ಮನಿರುವುದಕ್ಕೂ ದೇವರ ಮುಂದೆ ಎಷ್ಟು ವ್ಯತ್ಯಾಸ ಇದೆ?

ಹಾಗಾದರೆ ಕರ್ತನು ಸ್ವಸ್ಥಮಾಡುವುದಿಲ್ಲವೋ ಪಾಸ್ಟರ್‌ರೇ ಅಂತ ನೀವು ಕೇಳಬಹುದು. ಮಾಡುತ್ತಾನೆ. ನಾನು ಅದನ್ನು ಬಿಟ್ಟುಕೊಡುವುದಿಲ್ಲ. ಯಾಕೋಬ 5:14ರ ಪ್ರಕಾರ ಎಣ್ಣೆ ಹಚ್ಚಿ ಪ್ರಾರ್ಥಿಸುವುದನ್ನು ಮುಂದಿನ ವಾರವೂ ಮಾಡುತ್ತೇವೆ. ಆದರೆ ಅಪೊಸ್ತಲರ ಪತ್ರಗಳನ್ನು ಪೂರಾ ಓದಿರಿ. ಪೌಲನ ಜೊತೆ ಇದ್ದ ಲೂಕನು ವೈದ್ಯ. ತಿಮೊಥೆಯ ಹೊಟ್ಟೆಯ ತೊಂದರೆಗೆ ಪೌಲನು ಆ ಕಾಲದ ಔಷಧಿಯಂತೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂದ, 1 ತಿಮೊಥೆ 5:23. ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆ ಅಂತ ಬರೆದ, 2 ತಿಮೊಥೆ 4:20. ಎಷ್ಟೋ ಜನರನ್ನು ಪ್ರಾರ್ಥನೆಯಿಂದ ಎಬ್ಬಿಸಿದ ಪೌಲನು ಇದನ್ನು ಮುಚ್ಚಿಡಲಿಲ್ಲ. ತನ್ನ ಶರೀರದ ಮುಳ್ಳು ಹೋಗಲಿ ಅಂತ ಮೂರು ಸಲ ಬೇಡಿದರೂ ಹೋಗಲಿಲ್ಲ ಅನ್ನುವುದನ್ನೂ ಬರೆದ. ನಮ್ಮ ಹಳೆಯ ನಂಬಿಕೆ ಇದೇ. ಪ್ರಾರ್ಥಿಸಿದವರೆಲ್ಲಾ ಆ ಕ್ಷಣವೇ ಗುಣವಾಗಬೇಕು, ಆಗದಿದ್ದರೆ ಮುಚ್ಚಿಡಬೇಕು ಅನ್ನುವುದು ಸತ್ಯವೇದದಲ್ಲಿ ಇಲ್ಲ, ಅದು ಇತ್ತೀಚೆಗೆ ಬಂದದ್ದು.

ಈಗ ತೋಮನ ಕಡೆಗೆ ಬರುತ್ತೇನೆ. ಅಬಲೂರಿನ ಶಾಸನದಲ್ಲಿ ತಲೆ ಕಲೆಯಿಲ್ಲದೆ ಕೂಡಿಕೊಂಡಿತು ಅಂತ ಹೇಳಿದೆನಲ್ಲಾ. ಪವಾಡ ಅಂದರೆ ಯಾರಾದರೂ ಹಾಗೇ ಯೋಚಿಸುತ್ತಾರೆ, ನಾನೂ ಹಾಗೇ ಯೋಚಿಸುತ್ತಿದ್ದೆ. ದೇವರು ಕೈ ಹಾಕಿದರೆ ಕಲೆ ಯಾಕೆ ಉಳಿಯಬೇಕು? ಆದರೆ ಯೋಹಾನ 20ರಲ್ಲಿ ಎದ್ದು ಬಂದ ಕರ್ತನ ಕೈಯಲ್ಲಿ ಮೊಳೆಯ ಗುರುತು ಇದೆ, ಪಕ್ಕೆಯಲ್ಲಿ ಈಟಿಯ ಗುರುತು ಇದೆ. ಮರಣವನ್ನೇ ಗೆದ್ದವನಿಗೆ ಆ ಗಾಯ ಮಾಯಿಸಿಕೊಳ್ಳುವುದು ದೊಡ್ಡದಾಗಿತ್ತೇ? ಮಾಯಿಸಿಕೊಳ್ಳಲಿಲ್ಲ. ಸಂಶಯಪಟ್ಟವನಿಗೆ ಅದನ್ನೇ ತೋರಿಸಿದ, ಬೆರಳು ಇಟ್ಟು ನೋಡು ಅಂದ. ಎದ್ದು ಬಂದವನು ಸತ್ತವನೇ, ಬೇರೆ ಯಾರೋ ಅಲ್ಲ ಅನ್ನುವುದಕ್ಕೆ ಆ ಗಾಯವೇ ಗುರುತು.

ಹೊಗಳಿಕೆಗಾಗಿ ಕಥೆ ಕಟ್ಟುವವರು ಗಾಯವನ್ನು ಅಳಿಸಿಬಿಡುತ್ತಿದ್ದರು. ನಾನು ಆ ತಾಯಿಯ ವಿಷಯದಲ್ಲಿ ಅದನ್ನೇ ಮಾಡಿದೆ. ಸುವಾರ್ತೆ ಬರೆದವರು ಅಳಿಸಲಿಲ್ಲ. ಈ ವಾರ ನನ್ನ ನಂಬಿಕೆಯನ್ನು ಗಟ್ಟಿ ಮಾಡಿದ್ದು ಪ್ಲೀನಿಯ ಪತ್ರಕ್ಕಿಂತ ಹೆಚ್ಚಾಗಿ ಇದು. ಅವರು ನನ್ನಂಥವರಾಗಿರಲಿಲ್ಲ, ಅದಕ್ಕೇ ಅವರ ಸಾಕ್ಷಿಯನ್ನು ನಾನು ನಂಬುತ್ತೇನೆ.

ಆದ್ದರಿಂದ ಇವತ್ತು ಹಿರಿಯರ ಒಪ್ಪಿಗೆಯಿಂದ ಮೂರು ವಿಷಯ ಹೇಳುತ್ತೇನೆ.

ಒಂದು. ಈ ಸಭೆಯಲ್ಲಿ ಪ್ರಾರ್ಥನೆ ಮಾಡಿಸಿಕೊಂಡ ಯಾರೂ ಡಾಕ್ಟರು ಹೇಳದೆ ಗುಳಿಗೆ ಬಿಡಬಾರದು. ಶುಗರ್ ಇರಲಿ, ಬಿಪಿ ಇರಲಿ, ಮೂರ್ಛೆ ರೋಗ ಇರಲಿ. ಕರ್ತನು ಗುಣಮಾಡಿದ್ದರೆ ರಕ್ತ ಪರೀಕ್ಷೆಯಲ್ಲೂ ಅದು ಕಾಣುತ್ತದೆ. ಯೇಸು ಸ್ವಾಮಿ ಶುದ್ಧಮಾಡಿದ ಕುಷ್ಠರೋಗಿಗೆ ಮೊದಲು ಹೋಗಿ ಯಾಜಕನಿಗೆ ಮೈ ತೋರಿಸು ಅಂದ, ಆಮೇಲೆ ಸಾಕ್ಷಿ. ಇನ್ನು ಮುಂದೆ ನಮ್ಮಲ್ಲೂ ಅದೇ ಕ್ರಮ. ಎರಡು ವರ್ಷದ ಹಿಂದಿನ ಆ ಸಾಕ್ಷಿ ಯಾರ ಮೊಬೈಲಿನಲ್ಲಿ ಇದೆಯೋ ದಯವಿಟ್ಟು ಅಳಿಸಿರಿ, ಕಳಿಸಿದವರಿಗೆ ನಿಜ ಏನು ಅಂತ ತಿಳಿಸಿರಿ. ನಾನೇ ತಪ್ಪು ಮಾಡಿದೆ ಅಂತ ನನ್ನ ಹೆಸರು ಹೇಳಿರಿ.

ಎರಡು. ನೆರೆಯವರ ದೇವರನ್ನು, ಜಾತ್ರೆಯನ್ನು, ಹರಕೆಯನ್ನು ಗೇಲಿ ಮಾಡುವ ಮಾತು ಈ ಪುಲ್ಪಿಟ್‌ನಿಂದ ಬರುವುದಿಲ್ಲ, ನಿಮ್ಮ ಬಾಯಿಂದಲೂ ಬರಬಾರದು. ಯೇಸುವೇ ಕರ್ತನು ಅಂತ ನಾವು ಹೇಳುವುದನ್ನು ಬಿಡುವುದಿಲ್ಲ. ಆದರೆ ನಿಮ್ಮ ನಿರೀಕ್ಷೆಗೆ ಆಧಾರ ಕೇಳಿದವರಿಗೆ ಸಾತ್ವಿಕತೆಯಿಂದಲೂ ಗೌರವದಿಂದಲೂ ಉತ್ತರ ಕೊಡಬೇಕು ಅನ್ನುವುದು 1 ಪೇತ್ರ 3:15ರ ಆಜ್ಞೆ. ಉತ್ತರ ಸರಿಯಿದ್ದು ಗೌರವ ಇಲ್ಲದಿದ್ದರೆ ಅರ್ಧ ಆಜ್ಞೆಯನ್ನು ಮುರಿದಂತೆ.

ಮೂರು. ತಿಂಗಳ ಕೊನೆಯ ಬುಧವಾರ ಬೋಧನೆ ಇರುವುದಿಲ್ಲ, ಪ್ರಶ್ನೆ ಇರುತ್ತದೆ. ಕಾಲೇಜಿನ ಮಕ್ಕಳು ಬರಲಿ. ನನಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತೇನೆ. ಪ್ರಶ್ನೆ ಕೇಳಿದ ಮಗನಿಗೆ ತಂದೆತಾಯಂದಿರು ಮನೆಗೆ ಹೋಗಿ ಬೈಯಬೇಡಿರಿ. ತೋಮನಿಗೆ ಶಿಷ್ಯರು ಎಂಟು ದಿನ ಜಾಗ ಕೊಟ್ಟರು, ನಾವು ಎಂಟು ತಿಂಗಳಾದರೂ ಕೊಡೋಣ.

ಆ ಹುಡುಗ ಇವತ್ತು ಒಳಗೆ ಬಂದಿಲ್ಲ. ಬೇವಿನ ಮರದ ಕೆಳಗೆ ಬೈಕಿನ ಮೇಲೆ ಕುಳಿತಿದ್ದಾನೆ. ಕಿಟಕಿ ತೆರೆದಿದೆ, ಸ್ಪೀಕರ್ ಇದೆ, ಕೇಳಿಸುತ್ತಿರಬಹುದು. ತಮ್ಮಾ, ನೀನು ಕೇಳಿದ್ದಕ್ಕೆ ಹೇಳಿದ್ದೇನೆ. ಒಳಗೆ ಬಾ ಅಂತ ಒತ್ತಾಯ ಮಾಡುವುದಿಲ್ಲ. ನಿನ್ನ ಪ್ರಶ್ನೆ ಇನ್ನೂ ಇದ್ದರೆ ಮತ್ತೆ ಕೇಳು.

ಎಲ್ಲರೂ ಎದ್ದು ನಿಲ್ಲಿರಿ, ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿನ್ನ ಮಗನನ್ನು ಸತ್ತವರೊಳಗಿಂದ ಎಬ್ಬಿಸಿದ್ದಕ್ಕಾಗಿ ನಿನಗೆ ಸ್ತೋತ್ರ. ನಿನ್ನ ಹೆಸರಿಗಾಗಿ ಅಂತ ನಾವು ಆಡಿದ ಸುಳ್ಳನ್ನು ಕ್ಷಮಿಸು. ಈ ತಾಯಿಯ ಕಾಲನ್ನು ಕಾಪಾಡು, ಅವರಿಗೆ ಔಷಧಿ ಕೊಡುವ ಡಾಕ್ಟರನ್ನು ಆಶೀರ್ವದಿಸು. ಹೊರಗೆ ಕುಳಿತ ಮಕ್ಕಳನ್ನು ನೀನೇ ಮಾತಾಡಿಸು. ನೋಡಿದಷ್ಟನ್ನೇ ಹೇಳುವ ಬಾಯಿಯನ್ನು ನಮಗೆ ಕೊಡು. ಗಾಯದ ಕೈಗಳುಳ್ಳ ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.